ಮೈಕು ದಾಟಿಸಿದವನು

ರಕ್ತನಿಧಿಯ ಮೇಲಿನ ಮಹಡಿ. ಶನಿವಾರ, ಹನ್ನೊಂದೂವರೆ.
ಮೈಕು ಕೈಯಿಂದ ಕೈಗೆ ದಾಟಿಸುವುದು ಅವತ್ತಿನ ನನ್ನ ಕೆಲಸ.
ಉಳಿದ ದಿನ ಕೆಳಗೆ ಚೀಲಗಳಿಗೆ ಚೀಟಿ ಅಂಟಿಸುತ್ತೇನೆ,
ಯಾರದು ಯಾರ ತೋಳಿಗೆ ಎಂದು ಬರೆದಿಡುತ್ತೇನೆ.
ಫ್ಯಾನು ನಾಲ್ಕು, ತಿರುಗುವುದು ಎರಡು.
ಬಳ್ಳಾರಿಯ ಬಿಸಿಲು ಕಿಟಕಿಯ ಸರಳಿಗೆ ಒರಗಿ
ತಾನೂ ಕೇಳಲು ಬಂದಂತೆ ನಿಂತಿತ್ತು.

ಡಾಕ್ಟರ್ ನಳಿನಾಕ್ಷಿ ಪರದೆಯ ಮೇಲೆ
ತಿರುಚಿದ ಏಣಿಯೊಂದನ್ನು ತೋರಿಸಿದರು.
"ಪುಸ್ತಕ ಅಂದುಕೊಳ್ಳಿ. ಮುನ್ನೂರು ಕೋಟಿ ಅಕ್ಷರ.
ಒಂದು ತಪ್ಪಿದರೂ ಸಾಕು,
ಮೈ ತನ್ನ ನೆತ್ತರು ತಾನು ಮಾಡಿಕೊಳ್ಳದು.
ಈಗ ನಮ್ಮ ಹತ್ತಿರ ಕತ್ತರಿ ಇದೆ."

ಕತ್ತರಿ ಎಂದದ್ದೇ ತಡ
ಮೂರನೇ ಸಾಲಿನಲ್ಲೊಂದು ಕೈ ಎದ್ದಿತು,
ಉಗುರ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ.
ಖಾಜಾಹುಸೇನ್, ಕೌಲ್‌ಬಜಾರಿನ ಜೀನ್ಸ್ ಕಟಿಂಗ್ ಮಾಸ್ತರ.
ಮೈಕು ಕೊಟ್ಟೆ. ಊದಿ ನೋಡಿದರು.

"ಮೇಡಂ, ನಾ ಓದಿದಾಂವ ಅಲ್ಲ. ಕತ್ತರಿ ಗೊತ್ತೈತ್ರಿ.
ನಲವತ್ತು ಪದರ ಬಟ್ಟಿ ಹಾಸಿ ಒಮ್ಮೆ ಮಿಷಿನ್ ಇಳಿಸಿದ್ರ
ನಲವತ್ತು ಪ್ಯಾಂಟು.
ಕೈ ಒಂದು ನೂಲು ಸರದ್ರ, ನಲವತ್ತೂ ಹೋದ್ವು.
ಕೆಟ್ಟ ಪೀಸು ನಾವು ಕಿಲೋ ಲೆಕ್ಕದಾಗ ಮಾರ್ತೀವಿ.
ನಿಮ್ಮ ಕಡೆ ಕೆಟ್ಟ ಪೀಸು ಏನಾಗ್ತೈತ್ರಿ?"

ನಗು.
ಆಮೇಲೆ ನಗು ನಿಂತಿತು, ತಾನಾಗಿ.

ಪಕ್ಕದ ಭಾರ್ಗವ ಸರ್ ಶೇಕಡಾವಾರು ಹೇಳಲು ಬಾಯಿ ತೆರೆದರು.
ನಳಿನಾಕ್ಷಿ ಕೈ ಅಡ್ಡ ಹಿಡಿದರು.
"ಗೊತ್ತಿಲ್ಲ," ಅಂದರು. "ಬೇರೆ ಕಡೆ ಕತ್ತರಿ ಬಿದ್ದಿದ್ದರೆ
ಇಪ್ಪತ್ತು ವರ್ಷಕ್ಕೆ ತಿಳಿಯಬಹುದು.
ಅಷ್ಟು ವರ್ಷ ಇನ್ನೂ ಆಗಿಲ್ಲ."
ಆ ವೇದಿಕೆಯಿಂದ ಆ ಪದ ಕೇಳಿದ್ದು ನಾನು ಅದೇ ಮೊದಲು.
ಮಾಸ್ತರ ತಲೆಯಾಡಿಸಿದರು, ಅಳತೆ ಕೂಡಿ ಬಂದ ಹಾಗೆ.
"ಹಂಗಾದ್ರ ಕತ್ತರಿ ಅನಬ್ಯಾಡ್ರಿ. ರಫು ಅನ್ರಿ.
ರಫು ಮಾಡಿದ್ದು ಕಣ್ಣಿಗೆ ಕಾಣದಿದ್ರೂ ಕೈಗೆ ಹತ್ತತೈತಿ."
ಡಾಕ್ಟರು ಬರೆದುಕೊಂಡರು.

ಎಷ್ಟು ಖರ್ಚು ಎಂದು ಹಿಂದಿನಿಂದ ಯಾರೋ.
ಉತ್ತರದ ಸೊನ್ನೆಗಳನ್ನು ಬೆರಳಲ್ಲಿ ಎಣಿಸಹೊರಟವರು
ನಡುವೆ ಬಿಟ್ಟರು.

ಕುರುಗೋಡಿನ ಎರ್ರೆಮ್ಮ ಕುಳಿತೇ ಮೈಕು ತೆಗೆದುಕೊಂಡಳು.
"ಮಗಳನ್ನ ನನ್ನ ತಮ್ಮಗ ಕೊಟ್ಟೆ.
ಹೊರಗಿನೋರು ಬಂಗಾರ ಕೇಳಿದ್ರು. ತಮ್ಮ ಒಂದು ಸೀರಿ ಸಾಕಂದ.
ನಿಮ್ಮ ಚಿತ್ರದಾಗ ಎರಡು ಕರಿ ಚುಕ್ಕಿ ಕೂಡಿದ್ವಲ್ಲ,
ಕೂಡಿಸಿದಾಕಿ ನಾನೇನು?"

ಭಾರ್ಗವ ಸರ್ ಪರದೆಯ ಕಡೆ ನೋಡಿದರು.
ನಳಿನಾಕ್ಷಿ ಇಳಿದು ಬಂದು ಅವಳ ಪಕ್ಕ ಕುಳಿತರು.
"ಚುಕ್ಕಿ ಇಟ್ಟವರು ಯಾರೂ ಅಲ್ಲಮ್ಮ. ನನ್ನೊಳಗೂ ಯಾವುದೋ ಇದೆ.
ಯಾವುದೆಂದು ನೋಡಿಕೊಂಡಿಲ್ಲ, ಅಷ್ಟೆ."
ಎರ್ರೆಮ್ಮ ಏನೂ ಅನ್ನಲಿಲ್ಲ. ಮೈಕು ಬಾಯಿಯ ಹತ್ತಿರವೇ ಇತ್ತು.
ಅವಳ ಉಸಿರು ನಾಲ್ಕೂ ಮೂಲೆಯ ಸ್ಪೀಕರಿನಿಂದ ಬಂತು.
ಕಿತ್ತುಕೊಳ್ಳಲು ನನ್ನ ಕೈ ಏಳಲಿಲ್ಲ.

ಆಗ ಮೊಮ್ಮಗಳು ನಾಗಸುಧಾ, ಹನ್ನೊಂದು ವರ್ಷ,
ಮೂರು ವಾರಕ್ಕೊಮ್ಮೆ ಕೆಳಗೆ ನನ್ನ ಕಿಟಕಿಗೆ ಬರುವವಳು:
"ನನ್ನ ರಕ್ತ ನಾನೇ ಮಾಡ್ಕೊಂಡ್ರೆ
ಈಗ ಒಳಗಿರೋ ಅವರೆಲ್ಲ ಎಲ್ಲಿಗೆ ಹೋಗ್ತಾರೆ?"

ಅವರು.
ತೋರಣಗಲ್ಲಿನ ಕ್ರೇನ್ ಚಾಲಕ, ಹೊಸದಾಗಿ ಮದುವೆಯಾದ ಪೇದೆ,
ಸೂಜಿ ಕಂಡರೆ ಕಣ್ಣು ಮುಚ್ಚುವ ಪಾಲಿಟೆಕ್ನಿಕ್ ಹುಡುಗ.
ಹೆಸರು ನನಗೆ ಗೊತ್ತು, ಹೇಳುವಂತಿಲ್ಲ.

"ನಾಲ್ಕು ತಿಂಗಳಲ್ಲಿ ಕರಗಿ ಹೋಗ್ತಾರೆ ಪುಟ್ಟ," ಅಂದರು ಡಾಕ್ಟರು,
"ಅವರ ಕಬ್ಬಿಣ ಮಾತ್ರ ನಿನ್ನಲ್ಲಿ ಉಳಿಯುತ್ತೆ.
ಅದನ್ನು ತೆಗೆಯೋಕೇ ನೀನು ದಿನಾ ಮಾತ್ರೆ ನುಂಗೋದು."
ಕಬ್ಬಿಣ ಎಂದರೆ ಈ ಊರಿನಲ್ಲಿ ಯಾರೂ ಅರ್ಥ ಕೇಳುವುದಿಲ್ಲ.
ಹುಡುಗಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು,
ಧೂಳು ಎಷ್ಟು ಕೂತಿದೆ ಎಂಬಂತೆ.

ಊಟದ ಪೊಟ್ಟಣ ಬಂತು. ಸಭೆ ಚದುರಿತು.
ಮೈಕಿನ ಹಿಡಿಗೆ ಸ್ವಲ್ಪ ನೀಲಿ ಹತ್ತಿತ್ತು, ಒರೆಸಿದೆ.
ಮಂಗಳವಾರ ಅವಳ ಸರದಿ.
ಕೆಳಗಿಳಿದು ಫ್ರಿಜ್ಜು ತೆರೆದೆ:
ಬಿ ಪಾಸಿಟಿವ್, ಒಂದೇ ಚೀಲ.